ಚಾರ್ಜಿಂಗ್ ದೀಪ ಮಂದವಾಗಿ ಉರಿದರೆ ಅಲ್ಟರ್ನೇಟರನ್ನೇ ಬದಲಿಸಬೇಕೆ?

ಪ್ರಶ್ನೆ: ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯಲ್ಲಿ ತಂದೆಯವರ ಕಾಲದ 1968ರ ಅಂಬಾಸಡರ್ ಮಾರ್ಕ್ 2 ಕಾರು ಇದೆ. ಮೊದಲು ಅದಕ್ಕೆ ಡೈನಮೋ ಇತ್ತು. ಕೆಲವು ವರ್ಷಗಳ ಹಿಂದೆ ಅದನ್ನು ತೆಗೆಸಿ ಅಲ್ಟರ್ನೇಟರ್ ಹಾಕಿಸಿದ್ದೇವೆ. ಹಗಲಿನಲ್ಲಿ ಯಾವ ತೊಂದರೆಯೂ ಇಲ್ಲ. ಮಳೆಗಾಲದ ರಾತ್ರಿ ಕೊಟ್ಟಿಗೆಹಾರದ ಕಡೆಗೆ ಹೊರಟು ಹೆಡ್‌ಲೈಟ್, ವೈಪರ್ ಎರಡೂ ಹಾಕಿದಾಗ ಚಾರ್ಜಿಂಗ್ ದೀಪ ಮಂದವಾಗಿ ಹತ್ತಿಕೊಳ್ಳುತ್ತದೆ. ಆಕ್ಸಲರೇಟರ್ ಒತ್ತಿದರೆ ಆರುವ ಬದಲು ಇನ್ನೂ ಸ್ವಲ್ಪ ಹೆಚ್ಚುತ್ತದೆ. ಮರುದಿನ ಬೆಳಿಗ್ಗೆ ಸೆಲ್ಫ್ ಎಳೆಯುವುದಿಲ್ಲ. ಎರಡು ಬ್ಯಾಟರಿ ಬದಲಾಯಿಸಿದ್ದಾಯಿತು. ಎಂಜಿನ್ ಓಡುವಾಗ ಬ್ಯಾಟರಿಯ ಟರ್ಮಿನಲ್ ಕಳಚಿ ನೋಡಿದ ಮೆಕ್ಯಾನಿಕ್ ಒಬ್ಬರು ಚಾರ್ಜ್ ಆಗುತ್ತಿದೆ ಎಂದರು. ಇನ್ನೊಬ್ಬರು ಅಲ್ಟರ್ನೇಟರ್ ಹೋಗಿದೆ, ಹೊಸದು ಹಾಕಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಹೊಸ ಅಲ್ಟರ್ನೇಟರಿಗೆ ಸದ್ಯಕ್ಕೆ ದುಡ್ಡು ಕೊಡಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಎರಡು ಬಹಳ ಮುಖ್ಯವಾದವು: ಹಗಲು ಸರಿಯಿದ್ದು ರಾತ್ರಿ ಕೆಡುವುದು ಒಂದು, ಆಕ್ಸಲರೇಟರ್ ಒತ್ತಿದಷ್ಟೂ ದೀಪದ ಬೆಳಕು ಹೆಚ್ಚುವುದು ಇನ್ನೊಂದು. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ದೋಷ ಅಲ್ಟರ್ನೇಟರಿನ ಒಳಗಿರುವುದಕ್ಕಿಂತ, ಅದು ಉತ್ಪಾದಿಸಿದ ವಿದ್ಯುತ್ತು ಬ್ಯಾಟರಿಯವರೆಗೆ ಸಾಗಿಬರುವ ದಾರಿಯಲ್ಲಿ ಇರುವ ಸಂಭವವೇ ಹೆಚ್ಚು. ಡೈನಮೋ ತೆಗೆದು ಅಲ್ಟರ್ನೇಟರ್ ಕೂಡಿಸಿದ ಹಳೆಯ ಕಾರುಗಳಲ್ಲಿ, ಅದರಲ್ಲೂ ಮಲೆನಾಡಿನ ತೇವದಲ್ಲಿ ವರ್ಷದ ನಾಲ್ಕು ತಿಂಗಳು ಶೆಡ್ಡಿನೊಳಗೆ ನಿಲ್ಲುವ ಕಾರುಗಳಲ್ಲಿ, ನನ್ನ ಕೈಗೆ ಬಂದ ಚಾರ್ಜಿಂಗ್ ದೂರುಗಳ ಬಹುಪಾಲು ಇಂಥವೇ. ಆದರೂ ಊಹೆಯ ಮೇಲೆ ಕೆಲಸ ಮಾಡಬೇಕಾಗಿಲ್ಲ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಮತ್ತು ಆಕ್ಸಲರೇಟರ್ ಒತ್ತಿ ಹಿಡಿಯಲು ಇನ್ನೊಬ್ಬರು ಇದ್ದರೆ ಅರ್ಧ ಗಂಟೆಯಲ್ಲಿ ನಿರ್ಣಯಕ್ಕೆ ಬರಬಹುದು.

ಮೊದಲು ಆ ಕೆಂಪು ದೀಪ ನಿಜವಾಗಿ ಏನನ್ನು ತೋರಿಸುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅದರ ಒಂದು ತುದಿ ಕೀಲಿಯ ಸ್ವಿಚ್ಚಿನಿಂದ ಬರುವ ವೈರಿಗೂ, ಇನ್ನೊಂದು ತುದಿ ಅಲ್ಟರ್ನೇಟರಿನ ಹಿಂಭಾಗದ ಸಣ್ಣ ಟರ್ಮಿನಲ್ಲಿಗೂ ಸೇರಿರುತ್ತದೆ. ಆ ಟರ್ಮಿನಲ್ಲಿಗೆ ಲ್ಯೂಕಾಸ್ ಮಾದರಿಯಲ್ಲಿ ಐಎನ್‌ಡಿ ಎಂದೂ ಬಾಷ್ ಮಾದರಿಯಲ್ಲಿ ಡಿ ಪ್ಲಸ್ ಎಂದೂ ಹೆಸರು. ಕೀಲಿ ತಿರುಗಿಸಿ ಎಂಜಿನ್ ಇನ್ನೂ ಹೊರಡದಿರುವಾಗ ಬ್ಯಾಟರಿಯಿಂದ ಸ್ವಲ್ಪ ವಿದ್ಯುತ್ತು ದೀಪದ ಮೂಲಕ ಹಾದು, ಅಲ್ಟರ್ನೇಟರಿನೊಳಗೆ ತಿರುಗುವ ಭಾಗವಾದ ರೋಟರಿನ ಸುರುಳಿಗೆ ಹೋಗುತ್ತದೆ. ದೀಪವೂ ಉರಿಯುತ್ತದೆ, ರೋಟರಿನಲ್ಲಿ ಮೊದಲ ಅಯಸ್ಕಾಂತ ಶಕ್ತಿಯೂ ಹುಟ್ಟುತ್ತದೆ. ಎಂಜಿನ್ ಹೊರಟು ಅಲ್ಟರ್ನೇಟರ್ ವಿದ್ಯುತ್ತು ಕೊಡತೊಡಗಿದ ಮೇಲೆ ಆ ಸಣ್ಣ ಟರ್ಮಿನಲ್ಲಿನಲ್ಲೂ ಬ್ಯಾಟರಿಯಷ್ಟೇ ವೋಲ್ಟೇಜು ಬರುವುದರಿಂದ ದೀಪದ ಎರಡೂ ತುದಿ ಸಮವಾಗಿ ದೀಪ ಆರುತ್ತದೆ. ಅಂದರೆ ದೀಪ ಆರಿತು ಎಂದ ಮಾತ್ರಕ್ಕೆ ಬ್ಯಾಟರಿ ಚಾರ್ಜ್ ಆಗುತ್ತಿದೆ ಎಂದು ಅರ್ಥವಲ್ಲ, ಮಂದವಾಗಿ ಉರಿಯಿತು ಎಂದ ಮಾತ್ರಕ್ಕೆ ಅಲ್ಟರ್ನೇಟರ್ ಸತ್ತಿದೆ ಎಂದೂ ಅಲ್ಲ. ಎರಡು ತುದಿಗಳ ನಡುವೆ ಒಂದೂವರೆ ಎರಡು ವೋಲ್ಟಿನ ವ್ಯತ್ಯಾಸವಿದೆ ಎಂಬುದಷ್ಟೇ ಅದರ ಅರ್ಥ. ಯಾವ ತುದಿ ಮೇಲೆ, ಯಾವುದು ಕೆಳಗೆ ಎಂಬುದನ್ನು ದೀಪ ಹೇಳುವುದಿಲ್ಲ, ಮೀಟರ್ ಹೇಳುತ್ತದೆ.

ಈಗ ನಿಮ್ಮ ಕಾರಿನ ವಿಷಯಕ್ಕೆ ಬರೋಣ. ಈಚಿನ ಅಲ್ಟರ್ನೇಟರುಗಳಲ್ಲಿ ರೆಗ್ಯುಲೇಟರ್ ಒಳಗೇ ಕೂತಿರುತ್ತದೆ ಮತ್ತು ಹೆಚ್ಚಿನವು ತಮ್ಮದೇ ಟರ್ಮಿನಲ್ಲಿನ ವೋಲ್ಟೇಜನ್ನು ನೋಡಿಕೊಂಡು ಅದನ್ನು 14.2ರ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ದೂರದ ಬ್ಯಾಟರಿಯ ತುದಿಯಲ್ಲಿ ಎಷ್ಟು ತಲುಪಿತು ಎಂಬುದು ಅವಕ್ಕೆ ಗೊತ್ತಾಗುವುದಿಲ್ಲ. ನಡುವಿನ ವೈರಿನಲ್ಲೋ ಜೋಡಣೆಯಲ್ಲೋ 0.07 ಓಮ್‌ನಷ್ಟು ತಡೆ ಸೇರಿಕೊಂಡಿದೆ ಎಂದುಕೊಳ್ಳಿ. ಹಗಲಿನಲ್ಲಿ ಇಗ್ನಿಷನ್ ಕಾಯಿಲ್ ಮತ್ತು ಬ್ಯಾಟರಿ ಸೇರಿ ಸುಮಾರು 6 ಆಂಪಿಯರ್ ಎಳೆದರೆ ದಾರಿಯಲ್ಲಿ ಕಳೆದುಹೋಗುವುದು 0.42 ವೋಲ್ಟ್ ಮಾತ್ರ, ಬ್ಯಾಟರಿಗೆ 13.8 ವೋಲ್ಟ್ ಸಿಗುತ್ತದೆ, ಅದು ಸಾಕು. ರಾತ್ರಿಯ ಲೆಕ್ಕ ಬೇರೆ. 60 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬಿಗೆ 9 ಆಂಪಿಯರಿಗಿಂತ ಹೆಚ್ಚು, ಪಾರ್ಕಿಂಗ್ ಹಾಗೂ ನಂಬರ್ ಪ್ಲೇಟ್ ದೀಪಗಳಿಗೆ ಎರಡು, ವೈಪರಿಗೆ ಮೂರು, ಕಾಯಿಲಿಗೆ ಮೂರು, ಘಾಟಿಯಲ್ಲಿ ಮತ್ತೆ ಮತ್ತೆ ಹತ್ತುವ ಬ್ರೇಕ್ ಲೈಟಿಗೆ ಮೂರೂವರೆ, ಹೀಗೆ ಕೂಡಿಸಿದರೆ 20 ಆಂಪಿಯರ್ ಆಗುತ್ತದೆ. ಅದೇ 0.07 ಓಮ್ ಈಗ 1.4 ವೋಲ್ಟನ್ನು ನುಂಗುತ್ತದೆ. ಅಲ್ಟರ್ನೇಟರಿನ ಬಳಿ 14.2 ಇದ್ದರೂ ಬ್ಯಾಟರಿಯ ಬಳಿ 12.8 ಮಾತ್ರ, ಇಷ್ಟರಲ್ಲಿ 12 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ದೀಪದ ಒಂದು ತುದಿಗೆ ಅಲ್ಟರ್ನೇಟರಿನ ಕಡೆಯಿಂದ 14.2, ಇನ್ನೊಂದು ತುದಿಗೆ ಕೀಲಿಯ ಕಡೆಯಿಂದ 12.8 ಬರುವುದರಿಂದ ದೀಪ ಮಿಣುಕತೊಡಗುತ್ತದೆ. ಐಡ್ಲಿಂಗಿನಲ್ಲಿ ಅಲ್ಟರ್ನೇಟರ್ ಅಷ್ಟೊಂದು ಆಂಪಿಯರ್ ಕೊಡಲಾರದೆ ಬ್ಯಾಟರಿಯೇ ಒಂದು ಪಾಲು ಹೊರುತ್ತದೆ. ರೇಸ್ ಮಾಡಿದಾಗ ಪೂರ್ತಿ 20 ಆಂಪಿಯರೂ ಆ ಕೆಟ್ಟ ಜೋಡಣೆಯ ಮೂಲಕವೇ ಬರಬೇಕಾದ್ದರಿಂದ ನಷ್ಟ ಹೆಚ್ಚಿ ದೀಪವೂ ಹೆಚ್ಚುತ್ತದೆ. ನೀವು ಹೇಳಿದ ಲಕ್ಷಣ ಇದೇ.

ಹಾಗಾದರೆ ಆ ತಡೆ ಎಲ್ಲಿ ಕೂತಿರುತ್ತದೆ? ನಾನು ಮೊದಲು ನೋಡುವ ಜಾಗ ಹಳೆಯ ಕಟೌಟ್ ಪೆಟ್ಟಿಗೆ, ಅಂದರೆ ಡೈನಮೋದ ಚಾರ್ಜಿಂಗನ್ನು ನಿಯಂತ್ರಿಸುತ್ತಿದ್ದ ಪೆಟ್ಟಿಗೆ. ಡೈನಮೋ ಇದ್ದಾಗ ಅದರಿಂದ ಬಂದ ದಪ್ಪ ವೈರು ಕಟೌಟಿನ ಡಿ ಟರ್ಮಿನಲ್ಲಿಗೆ ಬರುತ್ತಿತ್ತು, ಎ ಟರ್ಮಿನಲ್ಲಿನಿಂದ ಸೆಲ್ಫ್ ಸೊಲೆನಾಯ್ಡಿನ (ಸೆಲ್ಫಿಗೆ ವಿದ್ಯುತ್ತು ಬಿಡುವ ದೊಡ್ಡ ಸ್ವಿಚ್ಚಿನ) ಮೂಲಕ ಬ್ಯಾಟರಿಗೆ ಹೋಗುತ್ತಿತ್ತು, ಎ1ರಿಂದ ದೀಪಗಳಿಗೂ ಕೀಲಿಗೂ ಹರಿಯುತ್ತಿತ್ತು. ಪೆಟ್ಟಿಗೆಯೊಳಗೆ ಸುರುಳಿಗಳು ಮತ್ತು ಪಾಯಿಂಟುಗಳಿವೆ. ಅಲ್ಟರ್ನೇಟರ್ ಹಾಕುವಾಗ ಈ ಪೆಟ್ಟಿಗೆಗೆ ಯಾವ ಕೆಲಸವೂ ಉಳಿಯುವುದಿಲ್ಲ. ಡಿ, ಎ, ಎ1ರ ದಪ್ಪ ವೈರುಗಳನ್ನು ಹೊರಗೇ ಒಂದಾಗಿ ಬಿಗಿಯಾಗಿ ಜೋಡಿಸಿ, ಪೆಟ್ಟಿಗೆಯನ್ನು ದಾರಿಯಿಂದ ಪೂರ್ತಿ ಬಿಡಿಸಬೇಕು. ಆದರೆ ಅವಸರದ ಕೆಲಸದಲ್ಲಿ ಪೆಟ್ಟಿಗೆಯನ್ನೇ ಜಂಕ್ಷನ್ ಆಗಿ ಬಿಟ್ಟು, ಒಳಗಿನ ಪಾಯಿಂಟನ್ನು ಒತ್ತಿ ಕೂಡಿಸಿಯೋ ಒಂದು ತುಂಡು ವೈರು ಸಿಕ್ಕಿಸಿಯೋ ಕಾರನ್ನು ಕಳಿಸಿಬಿಡುತ್ತಾರೆ. ಹೊರಗಿನಿಂದ ನೋಡಿದರೆ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ. ಒಳಗೆ ಹಳೆಯ ಹಿತ್ತಾಳೆಯ ಮೇಲೆ ಹಸಿರು ಕಿಲುಬು, ಸಡಿಲಗೊಂಡ ಸ್ಕ್ರೂ, ಸುಟ್ಟ ಪಾಯಿಂಟು. 20 ಆಂಪಿಯರಿಗೆ 0.07 ಓಮ್ ತಡೆಯಲ್ಲಿ 28 ವ್ಯಾಟ್ ಬಿಸಿ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಮೇಜಿನ ಮೇಲಿನ 25 ವ್ಯಾಟಿನ ಸೋಲ್ಡರಿಂಗ್ ಐರನ್ನನ್ನು ನಿಮ್ಮ ಕಾರಿನ ವೈರಿಗೆ ತಾಗಿಸಿ ಇಟ್ಟಂತೆ ಇದು. ಹಾಗಾಗಿ ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಹತ್ತು ಹದಿನೈದು ನಿಮಿಷ ಓಡಿಸಿ ಬಂದು, ಎಂಜಿನ್ ನಿಲ್ಲಿಸಿ, ಈ ಜೋಡಣೆಗಳ ಬಳಿ ಎಚ್ಚರಿಕೆಯಿಂದ ಕೈಯಿಟ್ಟು ನೋಡಿದರೆ ಕೆಟ್ಟ ಜಾಗ ತಾನಾಗಿಯೇ ಗೊತ್ತಾಗುವುದುಂಟು. ವೈರಿನ ಹೊದಿಕೆ ಕಂದಿ ಗಡಸಾಗಿದ್ದರೆ ಇನ್ನೂ ಸ್ಪಷ್ಟ.

ಅಳತೆಗೆ ಮೊದಲು ಬ್ಯಾಟರಿಯನ್ನು ನೋಡಿ. ರಾತ್ರಿಯಿಡೀ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಎಂದರೆ ಬಹುತೇಕ ಖಾಲಿ. ಖಾಲಿ ಬ್ಯಾಟರಿಯನ್ನು ಇಟ್ಟುಕೊಂಡು ಚಾರ್ಜಿಂಗ್ ಪರೀಕ್ಷೆ ಮಾಡಿದರೆ ಓದುವ ಅಂಕಿಗಳು ದಾರಿ ತಪ್ಪಿಸುತ್ತವೆ, ಆದ್ದರಿಂದ ಮೊದಲು ಅದನ್ನು ಹೊರಗೆ ತೆಗೆದು ನಿಧಾನವಾಗಿ ಚಾರ್ಜ್ ಮಾಡಿಸಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜು ಹತ್ತರ ಆಸುಪಾಸಿಗಿಂತ ಕೆಳಗೆ ಕುಸಿದರೆ ಬ್ಯಾಟರಿ ಅಥವಾ ಅದರ ಕೇಬಲ್ಲುಗಳ ಮೇಲೆ ಸಂಶಯಪಡಿ. ಎರಡು ಬ್ಯಾಟರಿ ಹಾಳಾದದ್ದಕ್ಕೆ ಬ್ಯಾಟರಿಗಳನ್ನು ದೂರುವುದು ನ್ಯಾಯವಲ್ಲ; ಸದಾ ಅರ್ಧ ಖಾಲಿಯಾಗಿ ನಿಲ್ಲುವ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಹೊಸದೂ ಸಹ ಬೇಗ ಮುದಿಯಾಗುತ್ತದೆ.

ಇನ್ನು ಮುಖ್ಯ ಪರೀಕ್ಷೆ. ಎಂಜಿನ್ ಚಾಲೂ ಮಾಡಿ, ಸಹಾಯಕರಿಗೆ ಸುಮಾರು 2000 ಆರ್‌ಪಿಎಂನಲ್ಲಿ ಹಿಡಿದಿರಲು ಹೇಳಿ, ಹೆಡ್‌ಲೈಟ್ ಹೈ ಬೀಮಿನಲ್ಲಿ, ವೈಪರ್, ಇರುವ ದೀಪಗಳೆಲ್ಲವೂ ಹಾಕಿರಲಿ. ಸಡಿಲ ತೋಳಿನ ಅಂಗಿ, ಶಾಲು ಫ್ಯಾನಿನ ಹತ್ತಿರ ಬರದಂತೆ ನೋಡಿಕೊಳ್ಳಿ. ಮೀಟರನ್ನು ಡಿಸಿ 20 ವೋಲ್ಟಿನಲ್ಲಿಟ್ಟು ಬ್ಯಾಟರಿಯ ಎರಡು ಕಂಬಗಳ ಮೇಲೆ ಅಳೆಯಿರಿ. ನಂತರ ಅಲ್ಟರ್ನೇಟರಿನಿಂದ ವಿದ್ಯುತ್ತು ಹೊರಬರುವ ದಪ್ಪ ಬಿ ಪ್ಲಸ್ ಬೋಲ್ಟಿಗೂ ಅದರ ಲೋಹದ ಮೈಗೂ ನಡುವೆ ಅಳೆಯಿರಿ. ಎರಡೂ 13.8ರಿಂದ 14.4ರ ಒಳಗಿದ್ದು ಒಂದಕ್ಕೊಂದು ಹತ್ತಿರವಿದ್ದರೆ ದಾರಿ ಚೆನ್ನಾಗಿದೆ. ಅಲ್ಟರ್ನೇಟರಿನ ಬಳಿ 14.2 ಇದ್ದು ಬ್ಯಾಟರಿಯ ಬಳಿ 13ಕ್ಕೂ ಕಡಿಮೆಯಿದ್ದರೆ ಸಮಸ್ಯೆ ನಡುವೆ ಇದೆ. ಎರಡೂ ಕಡೆ ಕಡಿಮೆಯಿದ್ದರೆ ಮಾತ್ರ ಅಲ್ಟರ್ನೇಟರಿನ, ಬೆಲ್ಟಿನ ಅಥವಾ ರೆಗ್ಯುಲೇಟರಿನ ಮೇಲೆ ಕಣ್ಣು ಹಾಕಬೇಕು. ಎರಡೂ ಕಡೆ 14.8 ದಾಟಿದರೆ ರೆಗ್ಯುಲೇಟರ್ ಕೈಬಿಟ್ಟಿದೆ. ಅಂಥ ಕಾರನ್ನು ಹಾಗೆಯೇ ಓಡಿಸಿದರೆ ಬ್ಯಾಟರಿಯ ನೀರು ಕುದಿದು ಇಂಗುತ್ತದೆ.

ವ್ಯತ್ಯಾಸ ಕಂಡರೆ ಅದು ಪ್ಲಸ್ ಬದಿಯದೋ ಅರ್ತ್ ಬದಿಯದೋ ಎಂದು ಬೇರ್ಪಡಿಸಬೇಕು. ಅದೇ ಹೊರೆಯಲ್ಲಿ ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಮುಳ್ಳನ್ನು ಅಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಮುಟ್ಟಿಸಿ. ಅಲ್ಲಿ ಕಾಣುವ ವೋಲ್ಟೇಜು ದಾರಿಯಲ್ಲಿ ಕಳೆದುಹೋಗುತ್ತಿರುವುದು, ಅದು 0.3 ವೋಲ್ಟಿನೊಳಗಿದ್ದರೆ ಒಳ್ಳೆಯದು, 0.5 ದಾಟಿದರೆ ಸಹಿಸಬಾರದು. ಒಂದು ಮುಳ್ಳನ್ನು ಬಿ ಪ್ಲಸ್‌ನಲ್ಲೇ ಬಿಟ್ಟು ಇನ್ನೊಂದನ್ನು ಕಟೌಟಿನ ಡಿ, ಬಳಿಕ ಎ, ಬಳಿಕ ಸೊಲೆನಾಯ್ಡಿನ ಬೋಲ್ಟು, ಕೊನೆಗೆ ಬ್ಯಾಟರಿಯ ಕಂಬ ಹೀಗೆ ಒಂದೊಂದೇ ಹೆಜ್ಜೆ ಸರಿಸುತ್ತಾ ಹೋದರೆ, ಅಂಕಿ ಥಟ್ಟನೆ ಜಿಗಿಯುವ ಜಾಗದ ಹಿಂದಿನ ತುಂಡಿನಲ್ಲಿ ದೋಷವಿದೆ. ನಂತರ ಅಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ ಅಳೆಯಿರಿ, ಅಲ್ಲಿ 0.2ಕ್ಕಿಂತ ಹೆಚ್ಚು ಬರಬಾರದು. ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿರುವುದರಿಂದ ಎಂಜಿನ್ನಿನಿಂದ ಕಾರಿನ ಬಾಡಿಗೆ ಬರುವ ಹೆಣೆದ ಅರ್ತ್ ಪಟ್ಟಿಯೇ ವಿದ್ಯುತ್ತಿಗೆ ವಾಪಸು ಬರುವ ದಾರಿ. ಕ್ಲಚ್ಚೋ ಗೇರ್ ಬಾಕ್ಸೋ ಇಳಿಸಿದವರು ಅದನ್ನು ಮರಳಿ ಹಾಕಲು ಮರೆಯುವುದು ಅಪರೂಪವಲ್ಲ. ಇದ್ದರೂ ಅದರ ಕೆಳಗಿನ ಬಣ್ಣ ಮತ್ತು ತುಕ್ಕನ್ನು ಕೆರೆದಿರುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಂಜಿನ್ ನಿಲ್ಲಿಸಿ, ವೈರು ಕಳಚಿ, ಮೀಟರನ್ನು ಓಮ್‌ನಲ್ಲೋ ಬೀಪ್‌ನಲ್ಲೋ ಇಟ್ಟು ‘ವೈರು ಸರಿಯಿದೆ, ಶಬ್ದ ಬರುತ್ತಿದೆ’ ಎಂದು ತೀರ್ಮಾನಿಸುವುದು ಈ ದೋಷಕ್ಕೆ ಉಪಯೋಗವಿಲ್ಲ. ಸಾಧಾರಣ ಮೀಟರಿನ ಮುಳ್ಳುಗಳ ವೈರುಗಳಲ್ಲೇ 0.07 ಓಮ್‌ಗಿಂತ ಹೆಚ್ಚು ತಡೆ ಇರುತ್ತದೆ. ಹತ್ತಾರು ಎಳೆಗಳಲ್ಲಿ ಮೂರೇ ಎಳೆ ಉಳಿದ ವೈರೂ ಬೀಪ್ ಕೊಡುತ್ತದೆ; 20 ಆಂಪಿಯರ್ ಹರಿಸಿದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ನಮ್ಮ ತೋಟದ ಶೆಡ್ಡುಗಳಲ್ಲಿ ಇಲಿಗಳ ಕಾಟವೂ ಸೇರಿರುತ್ತದೆ. ಅವು ಹೊದಿಕೆ ಕಡಿದು ಬಿಟ್ಟ ಜಾಗದಲ್ಲಿ ನೀರಿನ ಪಸೆ ಹೊಕ್ಕು, ತಾಮ್ರದ ಎಳೆಗಳು ಕಪ್ಪಾಗಿ ಒಳಗೊಳಗೇ ಉದುರುತ್ತವೆ.

ಇದೆಲ್ಲ ಸರಿಯಿದ್ದೂ ದೀಪ ಮಿಣುಕಿದರೆ ಆಗ ಅಲ್ಟರ್ನೇಟರಿನ ಎಸಿಯನ್ನು ಡಿಸಿಯಾಗಿಸುವ ಡಯೋಡುಗಳನ್ನು ಸಂಶಯಿಸಬೇಕು. ಇದಕ್ಕೂ ಸುಲಭ ಉಪಾಯವಿದೆ: ಹೊರೆಯಲ್ಲಿ ಓಡುವಾಗ ಬಿ ಪ್ಲಸ್ ಮತ್ತು ಸಣ್ಣ ಟರ್ಮಿನಲ್ ಎರಡನ್ನೂ ಅರ್ತಿಗೆ ಹೋಲಿಸಿ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ವೋಲ್ಟೋ ಅದಕ್ಕಿಂತ ಹೆಚ್ಚೋ ಅಂತರವಿದ್ದರೆ ಡಯೋಡ್ ಪ್ಲೇಟಿನಲ್ಲಿ ಒಂದಾದರೂ ಡಯೋಡ್ ಹೋಗಿದೆ. ಇನ್ನೊಂದು ಗುರುತೆಂದರೆ, ಬ್ಯಾಟರಿಯ ಮೇಲೆ ಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ಅಳೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣುವುದು. ಆದರೆ ಅಗ್ಗದ ಕೆಲವು ಮೀಟರುಗಳು ಎಸಿಯಲ್ಲಿಟ್ಟಾಗ ಡಿಸಿಯನ್ನೂ ಸೇರಿಸಿ ಅಸಂಬದ್ಧ ಅಂಕಿ ಹೇಳುತ್ತವೆ. ಎಂಜಿನ್ ನಿಂತಿರುವಾಗ ಬ್ಯಾಟರಿಯ ಮೇಲೆ ಎಸಿಯಲ್ಲಿ ಅಳೆದು ಸೊನ್ನೆ ಬರುತ್ತದೆಯೇ ನೋಡಿ. ಇಪ್ಪತ್ತು ಮೂವತ್ತು ಎಂದು ತೋರಿಸಿದರೆ ಆ ಮೀಟರ್ ಈ ಪರೀಕ್ಷೆಗೆ ಯೋಗ್ಯವಲ್ಲ. ರೋಟರಿಗೆ ವಿದ್ಯುತ್ತು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದ್ದರೆ ಲಕ್ಷಣ ಬೇರೆ: ಕೀಲಿ ತಿರುಗಿಸಿದಾಗ ದೀಪ ಹತ್ತುವುದೇ ಇಲ್ಲ, ಅಥವಾ ಒಮ್ಮೆ ಹತ್ತಿ ಒಮ್ಮೆ ಹತ್ತದೆ ಆಟವಾಡುತ್ತದೆ. ಬ್ರಷ್ಷು ಹೋಲ್ಡರಿನಿಂದ 5 ಮಿಲಿಮೀಟರಿಗಿಂತ ಕಡಿಮೆ ಹೊರಚಾಚಿದ್ದರೆ ಬದಲಿಸಿ. ರೋಟರಿನ ಎರಡು ಉಂಗುರಗಳ ನಡುವೆ ಮೂರರಿಂದ ಐದು ಓಮ್ ಸಿಕ್ಕರೆ ಸುರುಳಿ ಚೆನ್ನಾಗಿದೆ. ಡಯೋಡ್ ಪ್ಲೇಟು, ಬ್ರಷ್ಷು, ರೆಗ್ಯುಲೇಟರು ಬಿಡಿಬಿಡಿಯಾಗಿ ಸಿಗುತ್ತವೆ. ಅಲ್ಟರ್ನೇಟರ್ ಕೆಲಸದ ಅನುಭವವಿರುವ ಆಟೋ ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟರೆ ಇಡೀ ಅಲ್ಟರ್ನೇಟರ್ ಎಸೆಯುವ ಪ್ರಮೇಯ ಬರುವುದು ಕಡಿಮೆ.

ನಿಮ್ಮ ಮೊದಲ ಮೆಕ್ಯಾನಿಕ್ ಮಾಡಿದ ಪರೀಕ್ಷೆಯನ್ನು ದಯವಿಟ್ಟು ಇನ್ನು ಯಾರಿಗೂ ಮಾಡಲು ಬಿಡಬೇಡಿ. ಓಡುವ ಎಂಜಿನ್ನಿನ ಬ್ಯಾಟರಿ ಟರ್ಮಿನಲ್ ಕಳಚುವುದು ಡೈನಮೋ ಕಾಲದಿಂದ ಬಂದ ಅಭ್ಯಾಸ. ಅಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿ ಒಮ್ಮೆಲೇ ತಪ್ಪಿದರೆ ವೋಲ್ಟೇಜು ಕ್ಷಣಮಾತ್ರಕ್ಕೆ ಹಲವು ಪಟ್ಟು ಏರಿ ಡಯೋಡುಗಳನ್ನೋ ರೆಗ್ಯುಲೇಟರನ್ನೋ ಸುಡಬಲ್ಲದು. ಮ್ಯೂಸಿಕ್ ಸಿಸ್ಟಮ್ ಇದ್ದರೆ ಅದಕ್ಕೂ ಅಪಾಯ. ಅದಲ್ಲದೆ ಆ ಪರೀಕ್ಷೆಯಿಂದ ತಿಳಿಯುವುದಾದರೂ ಏನು? ಕಾಯಿಲಿಗೆ ಬೇಕಾದ ಮೂರು ನಾಲ್ಕು ಆಂಪಿಯರ್ ಬರುತ್ತಿದೆ ಎಂಬುದಷ್ಟೇ. ಹೊರೆ ಹೊತ್ತಾಗ ಏನಾಗುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ. ಬಿ ಪ್ಲಸ್ ಬೋಲ್ಟಿಗೂ ಮೈಗೂ ಸ್ಕ್ರೂಡ್ರೈವರ್ ತಾಗಿಸಿ ಕಿಡಿ ನೋಡುವುದು ಇದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಆ ಬೋಲ್ಟು ನೇರವಾಗಿ ಬ್ಯಾಟರಿಗೆ ಸೇರಿದೆ. ಕಾರಿನ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಮತ್ತು ಅಲ್ಟರ್ನೇಟರ್ ಎರಡರ ವೈರುಗಳನ್ನೂ ಕಳಚಿಡಬೇಕು.

ರಿಪೇರಿ ಹೇಗೆ ಎಂಬುದಕ್ಕೆ ನನ್ನ ಅಭಿಪ್ರಾಯ ಇದು. ಹಳೆಯ ದಪ್ಪ ವೈರನ್ನು ಉಜ್ಜಿ ತೇಪೆ ಹಾಕುವ ಬದಲು, ಅಲ್ಟರ್ನೇಟರಿನ ಬಿ ಪ್ಲಸ್‌ನಿಂದ ಸೆಲ್ಫ್ ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿಗೆ ನೇರವಾಗಿ ಹೊಸ ವೈರು ಎಳೆಯಿರಿ. ಆ ಕಾಲದ ಲ್ಯೂಕಾಸ್ ಸಿ40 ಡೈನಮೋ ಕೊಡುತ್ತಿದ್ದದ್ದೇ ಸುಮಾರು 22 ಆಂಪಿಯರ್, ಮೂಲ ವೈರನ್ನು ಅಷ್ಟಕ್ಕೇ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ನೀವು ಹಾಕಿಸಿರುವ ಅಲ್ಟರ್ನೇಟರ್ 35ಕ್ಕೂ ಹೆಚ್ಚು ಆಂಪಿಯರ್ ಕೊಡುವಂಥದ್ದಾಗಿರುವ ಸಂಭವವೇ ಹೆಚ್ಚು. ಮೂರು ಮೀಟರ್ ಉದ್ದದ 2.5 ಚದರ ಮಿಲಿಮೀಟರ್ ವೈರು 25 ಆಂಪಿಯರಿಗೆ ಅರ್ಧ ವೋಲ್ಟ್ ಕಳೆಯುತ್ತದೆ. 6 ಚದರ ಮಿಲಿಮೀಟರಿನದಾದರೆ ಅದರ ಅರ್ಧಕ್ಕೂ ಕಡಿಮೆ. ದುಡ್ಡಿನ ವ್ಯತ್ಯಾಸ ಸಣ್ಣದು, ಆದ್ದರಿಂದ 6ಕ್ಕಿಂತ ಕಡಿಮೆ ಬೇಡ, 10 ಸಿಕ್ಕರೆ ಇನ್ನೂ ಉತ್ತಮ. ಮನೆ ವೈರಿಂಗಿನ ಗಟ್ಟಿ ತಂತಿ ಬೇಡ. ಎಂಜಿನ್ನಿನ ಅದುರಿಗೆ ಅದು ಮುರಿಯುತ್ತದೆ, ಹಲವು ಎಳೆಗಳ ಆಟೋ ಕೇಬಲ್ಲೇ ಆಗಬೇಕು. ತುದಿಗೆ ಲಗ್ ಹಾಕಿ ಸರಿಯಾದ ಕ್ರಿಂಪಿಂಗ್ ಉಪಕರಣದಿಂದ ಒತ್ತಿಸಿ, ಮೇಲೆ ಸ್ಲೀವ್ ಎಳೆಸಿ. ಸುತ್ತಿಗೆಯಿಂದ ಹೊಡೆದು ಟೇಪ್ ಸುತ್ತಿದ ಲಗ್ ಮುಂದಿನ ಮಳೆಗಾಲದವರೆಗೂ ಬಾಳುವುದಿಲ್ಲ. ಬ್ಯಾಟರಿಯ ತುದಿಗೆ ಹತ್ತಿರದಲ್ಲಿ ಅಲ್ಟರ್ನೇಟರಿನ ಶಕ್ತಿಗಿಂತ ಸ್ವಲ್ಪ ಹೆಚ್ಚಿನ, ಆದರೆ ಆ ವೈರು ತಡೆದುಕೊಳ್ಳಬಲ್ಲ ಫ್ಯೂಸ್ ಇರಲಿ. ಈ ಕೆಲಸಕ್ಕೆ ಕೈಹಾಕುವ ಮೊದಲು ಬ್ಯಾಟರಿಯ ಮೈನಸ್ ಕಳಚಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕಟೌಟಿನ ಬಳಿ ಹಳೆಯ ಎ ಮತ್ತು ಎ1 ವೈರುಗಳನ್ನು ಒಂದು ಗಟ್ಟಿಯಾದ ಬೋಲ್ಟ್ ಜಂಕ್ಷನ್ನಿಗೆ ತನ್ನಿ. ಅವು ಇನ್ನು ಬ್ಯಾಟರಿಯಿಂದ ಕಾರಿನ ಇತರ ಭಾಗಕ್ಕೆ ವಿದ್ಯುತ್ತು ಒಯ್ಯುತ್ತವೆ. ಹಳೆಯ ಡಿ ದಪ್ಪ ವೈರಿನ ಎರಡೂ ತುದಿ ಕಳಚಿ, ಇನ್ಸುಲೇಷನ್ ಮಾಡಿ ಬಿಟ್ಟುಬಿಡಿ. ಡಿ ಟರ್ಮಿನಲ್ಲಿಗೆ ಬರುತ್ತಿದ್ದ ಚಾರ್ಜಿಂಗ್ ದೀಪದ ತೆಳುವಾದ ವೈರನ್ನು, ಡೈನಮೋದ ಎಫ್ ಟರ್ಮಿನಲ್ಲಿಗೆ ಹೋಗುತ್ತಿದ್ದ ತೆಳುವಾದ ವೈರಿಗೆ ಜೋಡಿಸಿದರೆ ಅದೇ ಅಲ್ಟರ್ನೇಟರಿನ ಸಣ್ಣ ಟರ್ಮಿನಲ್ಲಿಗೆ ಹೋಗುವ ದಾರಿಯಾಗುತ್ತದೆ. ಇ ಎಂದಿರುವುದು ಅರ್ತ್. ಐವತ್ತಕ್ಕೂ ಹೆಚ್ಚು ವರ್ಷದ ವೈರುಗಳ ಬಣ್ಣವನ್ನು ನಂಬಬೇಡಿ, ಪ್ರತಿಯೊಂದನ್ನೂ ಮೀಟರಿನಿಂದ ಗುರುತಿಸಿ ಚೀಟಿ ಕಟ್ಟಿ. ದೀಪದ ಬಲ್ಬು 2.2 ವ್ಯಾಟಿನ ಮಾಮೂಲಿ ಬಲ್ಬೇ ಆಗಿರಲಿ. ಅಂದಕ್ಕೆಂದು ಎಲ್‌ಇಡಿ ಹಾಕಿದರೆ ರೋಟರಿಗೆ ಆರಂಭದಲ್ಲಿ ಬೇಕಾದ ವಿದ್ಯುತ್ತು ಹೋಗದೆ, ಗಾಡಿ ಹೊರಟು ಎಷ್ಟೋ ಹೊತ್ತಾದರೂ ಚಾರ್ಜಿಂಗ್ ಶುರುವಾಗದಿರಬಹುದು. ಬಲ್ಬ್ ಇಲ್ಲದೆ ಆ ಸಣ್ಣ ಟರ್ಮಿನಲ್ಲನ್ನು ಕೀಲಿಯ ವೈರಿಗೆ ನೇರವಾಗಿ ಕೊಟ್ಟರೆ ಇನ್ನೊಂದು ವಿಚಿತ್ರ ಕಾಣುತ್ತದೆ: ಕೀಲಿ ತೆಗೆದರೂ ಅಲ್ಟರ್ನೇಟರ್ ಹಿಂದಿನಿಂದ ಕಾಯಿಲಿಗೆ ವಿದ್ಯುತ್ತು ಕೊಡುತ್ತಲೇ ಇದ್ದು ಎಂಜಿನ್ ನಿಲ್ಲುವುದಿಲ್ಲ.

ಹೆಡ್‌ಲೈಟಿಗೆ ಎರಡು ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹರಿಸುವ ಸ್ವಿಚ್ಚು) ಹಾಕಿಸುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಈಗ ಹತ್ತು ಆಂಪಿಯರ್ ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚು, ಡಿಪ್ಪರ್ ಸ್ವಿಚ್ಚು ಎಲ್ಲ ಸುತ್ತಿಕೊಂಡು ಬಲ್ಬಿಗೆ ಬರುತ್ತಿದೆ. ರಿಲೇ ಹಾಕಿದರೆ ಆ ಸ್ವಿಚ್ಚುಗಳ ಮೇಲೆ ರಿಲೇಯ ಸಣ್ಣ ಹೊರೆ ಮಾತ್ರ ಉಳಿದು, ಬಲ್ಬಿಗೆ ಸೊಲೆನಾಯ್ಡಿನ ಬೋಲ್ಟಿನಿಂದ ಫ್ಯೂಸಿನ ಮೂಲಕ ನೇರ ವಿದ್ಯುತ್ತು ಸಿಗುತ್ತದೆ. ಮಂಜಿನಲ್ಲಿ ಚಾರ್ಮಾಡಿ ಇಳಿಯುವವರಿಗೆ ಇದರಿಂದ ಸಿಗುವ ಬೆಳಕಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬೆಳಕು ಸಾಲದೆಂದು 100 ವ್ಯಾಟಿನ ಬಲ್ಬು ಹಾಕಿಸುವ ಯೋಚನೆ ಇದ್ದರೆ ಮೊದಲು ಇದನ್ನು ಮಾಡಿ ನೋಡಿ. ಬಹುಪಾಲು ಕಾರುಗಳಲ್ಲಿ ಆಮೇಲೆ ಅದರ ಅಗತ್ಯವೇ ಉಳಿಯುವುದಿಲ್ಲ.

ಬೆಲ್ಟ್ ಮತ್ತು ಪುಲ್ಲಿಯನ್ನೂ ಮರೆಯಬಾರದು. ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 12 ಮಿಲಿಮೀಟರ್ ಬಾಗಬೇಕು. ಹೆಡ್‌ಲೈಟ್ ಹಾಕಿದ ಕೂಡಲೇ ಕಿರ್ ಎಂದು ಕೂಗಿದರೆ ಅದು ಜಾರುತ್ತಿದೆ. ಹೊಸ ಅಲ್ಟರ್ನೇಟರಿಗೆ ಡೈನಮೋದ ದೊಡ್ಡ ಪುಲ್ಲಿಯನ್ನೇ ಕೂಡಿಸಿದ್ದರೆ ಅಲ್ಟರ್ನೇಟರ್ ಬೇಕಾದ ವೇಗಕ್ಕೆ ಬರುವುದಿಲ್ಲ. ಅದು ಎಂಜಿನ್ನಿನ ಸುಮಾರು ಎರಡು ಪಟ್ಟು ವೇಗದಲ್ಲಿ ತಿರುಗಬೇಕು. ಲಾರಿಗಳ ಹಿಂದೆ ಐಡ್ಲಿಂಗಿನಲ್ಲಿ ನಿಂತಾಗ ಹೆಡ್‌ಲೈಟ್ ಮಂಕಾಗಿ, ಚಲಿಸಿದ ಕೂಡಲೇ ಸರಿಹೋಗುತ್ತಿದ್ದರೆ ಪುಲ್ಲಿಯ ಅಳತೆಯನ್ನು ನೋಡಿಸಿ.

ಬೆಳಿಗ್ಗೆ ಬ್ಯಾಟರಿ ಖಾಲಿಯಾಗುವುದಕ್ಕೆ ರಾತ್ರಿ ಚಾರ್ಜ್ ಆಗದಿರುವುದೇ ಸಾಕಷ್ಟು ಕಾರಣ, ಆದರೆ ನಿಂತಲ್ಲೇ ಸೋರಿಕೆ ಇದೆಯೇ ಎಂಬುದನ್ನೂ ಪರೀಕ್ಷಿಸಿಬಿಡಿ. ಕೀಲಿ ತೆಗೆದು, ಬಾಗಿಲುಗಳನ್ನು ಮುಚ್ಚಿ, ಬ್ಯಾಟರಿಯ ಮೈನಸ್ ಕೇಬಲ್ ಕಳಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿಟ್ಟು ನೋಡಿ. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಮೀಟರ್ ಸುಡುತ್ತದೆ. ನಿಮ್ಮ ಕಾರಿನಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆಗಳಿಲ್ಲದ ಕಾರಣ ಅಂಕಿ ಸೊನ್ನೆಯ ಹತ್ತಿರವೇ ಇರಬೇಕು. ನೇರವಾಗಿ ಜೋಡಿಸಿದ ಮ್ಯೂಸಿಕ್ ಸಿಸ್ಟಮ್ ಇದ್ದರೂ 50 ಮಿಲಿ ಆಂಪಿಯರ್ ದಾಟಬಾರದು. ದಾಟಿದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ, ಕೊನೆಗೆ ಅಲ್ಟರ್ನೇಟರಿನ ಬಿ ಪ್ಲಸ್ ವೈರು ಕಳಚಿ ನೋಡಿ. ಅದನ್ನು ಕಳಚಿದಾಗ ಸೋರಿಕೆ ನಿಂತರೆ ಡಯೋಡ್ ಸೋರುತ್ತಿದೆ. ಹೆಚ್ಚಾಗಿ ಸೋರುವ ಅಲ್ಟರ್ನೇಟರ್ ರಾತ್ರಿಯೆಲ್ಲ ನಿಂತ ಮೇಲೂ ಮುಟ್ಟಿದರೆ ಬೆಚ್ಚಗಿರುತ್ತದೆ.

ಇನ್ನೆರಡು ಸಣ್ಣ ವಿಷಯಗಳು. ಬ್ರಿಟಿಷ್ ಮೂಲದ ಆ ಕಾಲದ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ಅನ್ನು ಕಾರಿನ ಬಾಡಿಯ ಲೋಹಕ್ಕೆ ಜೋಡಿಸುವ ಪದ್ಧತಿ ಇತ್ತು. ನಿಮ್ಮದನ್ನು ಅಲ್ಟರ್ನೇಟರ್ ಹಾಕುವಾಗ ಮೈನಸ್ ಅರ್ತಿಗೆ ಬದಲಾಯಿಸಿದ್ದರೆ, ಕಾಯಿಲಿನ ಎರಡು ಸಣ್ಣ ವೈರುಗಳನ್ನೂ ಅದಲುಬದಲು ಮಾಡಿದ್ದಾರೆಯೇ ಕೇಳಿ. ಮಾಡದಿದ್ದರೆ ಕಾರು ಓಡುತ್ತದೆ, ಆದರೆ ಕಿಡಿ ದುರ್ಬಲವಾಗಿರುತ್ತದೆ. ಮತ್ತೆ ಡ್ಯಾಶ್‌ಬೋರ್ಡಿನಲ್ಲಿ ಯಾರಾದರೂ 30 ಆಂಪಿಯರಿನ ಅಮ್ಮೀಟರ್ ಕೂಡಿಸಿದ್ದರೆ ಅದನ್ನು ತೆಗೆಸಿ ವೋಲ್ಟ್‌ಮೀಟರ್ ಹಾಕಿಸಿ. ಇಡೀ ಕಾರಿನ ವಿದ್ಯುತ್ತು ಅಮ್ಮೀಟರಿನ ಬೆನ್ನಿನ ಎರಡು ಸಣ್ಣ ನಟ್ಟುಗಳ ಮೂಲಕ ಹಾದುಹೋಗುವುದು ಅಷ್ಟು ಕ್ಷೇಮವಲ್ಲ. ವೋಲ್ಟ್‌ಮೀಟರಾದರೆ ತೆಳುವಾದ ಒಂದು ವೈರು ಸಾಕು, ಅಲ್ಲದೆ ಓಡಿಸುತ್ತಿರುವಾಗಲೇ 13.8 ಇದೆಯೋ 12.8 ಇದೆಯೋ ಎಂದು ಕಣ್ಣೆದುರೇ ತಿಳಿಯುತ್ತದೆ.

ಕೆಲಸ ಮುಗಿದ ಮೇಲೆ ಈಗಿನ ಬ್ಯಾಟರಿಯನ್ನು ಎಸೆಯುವ ಮುನ್ನ ಹೊರಗಿನ ಚಾರ್ಜರಿನಲ್ಲಿ ಅದರ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು, ಅಂದರೆ 60 ಆಂಪಿಯರ್ ಅವರ್‌ನದಾದರೆ 6 ಆಂಪಿಯರಿನಲ್ಲಿ, ಪೂರ್ತಿ ಚಾರ್ಜ್ ಮಾಡಿಸಿ, ಒಂದು ದಿನ ಬಿಟ್ಟು ವೋಲ್ಟೇಜು ನೋಡಿ. ತೋಟದಿಂದ ಪೇಟೆಗೆ ಹೋಗಿಬರುವ ಏಳೆಂಟು ಕಿಲೋಮೀಟರಿನ ಓಡಾಟದಲ್ಲಿ ಖಾಲಿ ಬ್ಯಾಟರಿ ತುಂಬುವುದಿಲ್ಲ. 12.5ಕ್ಕಿಂತ ಮೇಲೆ ನಿಂತರೆ ಅದನ್ನೇ ಹಾಕಿಕೊಂಡು, ಅದೇ ಹೆಡ್‌ಲೈಟ್, ಅದೇ ವೈಪರ್ ಹಾಕಿ, ಬಿ ಪ್ಲಸ್ ಬೋಲ್ಟಿಗೂ ಬ್ಯಾಟರಿಯ ಪ್ಲಸ್ ಕಂಬಕ್ಕೂ ನಡುವಿನ ನಷ್ಟವನ್ನು ಮತ್ತೊಮ್ಮೆ ಅಳೆಯಿರಿ. ಮೊದಲಿನ ಅಂಕಿಯನ್ನೂ ಈ ಅಂಕಿಯನ್ನೂ ಬರೆದಿಟ್ಟುಕೊಂಡಿರಿ, 0.3ರ ಒಳಗೆ ಬಂದೂ ದೀಪ ಮಿಣುಕುತ್ತಿದ್ದರೆ ಆ ಎರಡು ಅಂಕಿಗಳ ಜೊತೆಗೆ ಸಣ್ಣ ಟರ್ಮಿನಲ್ಲಿನ ವೋಲ್ಟೇಜನ್ನೂ ಸೇರಿಸಿ ಬರೆಯಿರಿ.